ಕಮಿಲ್ಲಾ ಎಂಬ ಕರಿಗಲ್ಲು

ಇಳಕಲ್ಲಿನವರಿಗೆ ಕಲ್ಲು ಹೊಸದಲ್ಲ. ನಮ್ಮ ಕೆಂಪು ಗ್ರಾನೈಟ್, ಬಾದಾಮಿಯ ಮರಳುಗಲ್ಲಿನ ಗುಡ್ಡ, ದೂರದಿಂದಲೇ ಕಣ್ಣು ಸೆಳೆಯುತ್ತವೆ. ನಾನು ಹೇಳಹೊರಟ ಕಲ್ಲು ಅಂಥದಲ್ಲ, ಇದ್ದಿಲಿನಷ್ಟು ಕಪ್ಪು. ಮಂಗಳ ಮತ್ತು ಗುರುಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯ ಹೊರ ಅಂಚಿನಲ್ಲಿದ್ದು, ಆರೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತಿಬರುತ್ತದೆ. ಹೆಸರು ಕಮಿಲ್ಲಾ, ಕ್ರಮಸಂಖ್ಯೆ 107. ಅಡ್ಡಗಲ ಸುಮಾರು 250 ಕಿಲೋಮೀಟರ್. ಬಾಗಲಕೋಟೆಯಿಂದ ಹುಬ್ಬಳ್ಳಿಗೆ ಹೋಗಿಬಂದಷ್ಟು.

“ಅಷ್ಟ್ ದೊಡ್ಡದಿದ್ರೂ ಯಾಕ ಕಾಣಂಗಿಲ್ರಿ ಅಕ್ಕೋರ?” ಎಂದು ಮಕ್ಕಳು ಕೇಳುತ್ತಾರೆ. ದೂರ ಒಂದು ಕಾರಣ. ಇಂಗಾಲ ತುಂಬಿದ ಮೈ ಇನ್ನೊಂದು. ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲನ್ನೂ ಅದು ಹಿಂದಿರುಗಿಸದು.

ಅದನ್ನು ಕಂಡುಹಿಡಿದದ್ದು ಮದ್ರಾಸಿನಲ್ಲಿ, 1868ರ ನವೆಂಬರ್ 17ರಂದು. ಕಂಡವನು ಅಲ್ಲಿಯ ವೀಕ್ಷಣಾಲಯದ ಮುಖ್ಯಸ್ಥ ನಾರ್ಮನ್ ಪಾಗ್ಸನ್. ಆಗಿನ್ನೂ ಫೋಟೋ ತೆಗೆದು ಹೋಲಿಸುವ ಅನುಕೂಲವಿರಲಿಲ್ಲ. ನಕ್ಷೆ ಎದುರಿಟ್ಟುಕೊಂಡು, ಯಾವ ಚುಕ್ಕೆ ಜಾಗ ಬದಲಿಸಿತೆಂದು ರಾತ್ರಿಯ ಮೇಲೆ ರಾತ್ರಿ ನೋಡಬೇಕಿತ್ತು.

ಅದೇ ವರ್ಷದ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಜಿಲ್ಲೆಯ ಜಮಖಂಡಿಯ ಮೇಲೆ ಹಾದುಹೋಗಿತ್ತು. ವಿಲಿಯಂ ಹರ್ಷೆಲ್‌ನ ಮೊಮ್ಮಗ ಜಾನ್ ಹರ್ಷೆಲ್ ಅಲ್ಲಿ ಬೀಡುಬಿಟ್ಟು, ಮೋಡಗಳ ಸಂದಿನಲ್ಲೇ ನೋಡಿ, ಸೂರ್ಯನಂಚಿನ ಜ್ವಾಲೆಗಳು ಕಾದ ಅನಿಲವೆಂದು ಕಂಡುಕೊಂಡ. ಪಾಗ್ಸನ್ ಅದೇ ಗ್ರಹಣಕ್ಕೆ ಮಚಲೀಪಟ್ಟಣಕ್ಕೆ ಹೋಗಿದ್ದ. ಅದಾದ ಮೂರು ತಿಂಗಳಿಗೆ ಈ ಕರಿಗಲ್ಲು ಸಿಕ್ಕಿತು.

2001ರಲ್ಲಿ ಹಬಲ್ ದೂರದರ್ಶಕ ಕಮಿಲ್ಲಾಳಿಗೊಂದು ಚಂದ್ರನನ್ನು ತೋರಿಸಿತು. ಆಮೇಲೆ ಇನ್ನೊಂದೂ ಸಿಕ್ಕಿತು. ಅವುಗಳ ಓಟದಿಂದ ತೂಕ ಲೆಕ್ಕಹಾಕಿದರೆ, ಅದು ನೀರಿಗಿಂತ ತುಸುವೇ ಸಾಂದ್ರ. ಒಳಗೆ ಸಾಕಷ್ಟು ಟೊಳ್ಳಿರಬೇಕು, ಮಂಜುಗಡ್ಡೆಯೂ ಇದ್ದೀತು.

ಕಮಿಲ್ಲಾ ಎಂದರೆ ರೋಮಿನ ಕವಿ ವರ್ಜಿಲ್‌ನ ಕಾವ್ಯದಲ್ಲಿ ಬರುವ ವೀರವನಿತೆ. ಪಾಗ್ಸನ್ ಕಂಡ ಸಾಫೋ, ಸಿಲ್ವಿಯಾ, ವೇರಾ ಕೂಡ ಹೆಣ್ಣು ಹೆಸರಿನವೇ. ಆಕಾಶದ ಕಲ್ಲಿಗೆ ಹೆಣ್ಣಿನ ಹೆಸರಿಡಲು ಯಾರ ತಕರಾರೂ ಇರಲಿಲ್ಲ. ಪಾಗ್ಸನ್‌ನ ಮಗಳು ಐಸಿಸ್ 1873ರಿಂದ ಅದೇ ವೀಕ್ಷಣಾಲಯದಲ್ಲಿ ಲೆಕ್ಕ ಹಾಕುವ ಕೆಲಸಕ್ಕಿದ್ದಳು. 1886ರಲ್ಲಿ ತಂದೆ ಆಕೆಯ ಹೆಸರನ್ನು ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿಸಿದ. ಸಂಸ್ಥೆಯ ಸನದಿನಲ್ಲಿ ಸದಸ್ಯನನ್ನು ‘ಅವನು’ ಎಂದೇ ಬರೆದಿದೆ, ಹೆಂಗಸು ಸಲ್ಲಳು ಎಂದರು ವಕೀಲರು. ಹೆಸರು ಹಿಂದಕ್ಕೆ ಬಂತು. ಇಷ್ಟು ವರ್ಷ ವ್ಯಾಕರಣ ಕಲಿಸಿದರೂ ಸರ್ವನಾಮಕ್ಕೆ ಇಷ್ಟು ಬಲವಿದ್ದೀತೆಂದು ನನಗೆ ಹೊಳೆದಿರಲಿಲ್ಲ! ಇಪ್ಪತ್ತೈದು ವರ್ಷ ದುಡಿದು 1898ರಲ್ಲಿ ನಿವೃತ್ತಳಾದ ಐಸಿಸ್ ಆ ಸಂಸ್ಥೆಯ ಸದಸ್ಯಳಾದದ್ದು 1920ರಲ್ಲಿ. ಆಗ ಪಾಗ್ಸನ್ ತೀರಿಕೊಂಡು 29 ವರ್ಷವಾಗಿತ್ತು.