ಬೇಸಿಗೆಯಲ್ಲಿ ನಾಯಿಗಳಿಗೆ ಹಣ್ಣಿನ ಆಹಾರ

ಬಿಸಿಲಿನ ದಿನಗಳಲ್ಲಿ ಸಾಕುನಾಯಿಗಳಿಗೆ ನೀರಿನಂಶ ಹೆಚ್ಚಿರುವ ಹಣ್ಣಿನ ತುಂಡುಗಳನ್ನು ಕೊಡುವ ರೂಢಿ ಅನೇಕ ಕಡೆಗಳಲ್ಲಿದೆ. ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳನ್ನು ಒಳಗೊಂಡ ಸಗರನಾಡಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಮಿತವಾಗಿ ಕೊಟ್ಟರೆ ಕೆಲವು ಹಣ್ಣುಗಳು ನಾಯಿಗೆ ಹಿತಕರ. ಆದರೆ ಮನುಷ್ಯರು ತಿನ್ನುವ ಎಲ್ಲ ಹಣ್ಣುಗಳೂ ಅದಕ್ಕೆ ಸುರಕ್ಷಿತವಲ್ಲ. ದ್ರಾಕ್ಷಿ ಮತ್ತು ಹುಣಸೆಹಣ್ಣು ಪ್ರಾಣಕ್ಕೇ ಎರವಾಗಬಲ್ಲವು.

ಹಿನ್ನೆಲೆ

ನಾಯಿಯ ಬೆವರುಗ್ರಂಥಿಗಳು ಮುಖ್ಯವಾಗಿ ಪಾದಗಳಲ್ಲಿರುತ್ತವೆ. ಆದ್ದರಿಂದ ಅದು ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತ ದೇಹದ ಶಾಖವನ್ನು ಹೊರಹಾಕುತ್ತದೆ. ಈ ಕ್ರಿಯೆಯಲ್ಲಿ ದೇಹದ ನೀರು ವ್ಯಯವಾಗುತ್ತದೆ. ನೆರಳು ಮತ್ತು ಕುಡಿಯುವ ನೀರು ಇದಕ್ಕೆ ಮೊದಲ ಪರಿಹಾರ. ಹಣ್ಣು ಅವುಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ಕೊಡಬಹುದಾದ ಹಣ್ಣುಗಳು

* ಕಲ್ಲಂಗಡಿ: ಇದರಲ್ಲಿ ಶೇ. 90ಕ್ಕಿಂತ ಹೆಚ್ಚು ನೀರಿರುತ್ತದೆ. ಬೀಜ ಮತ್ತು ಸಿಪ್ಪೆಯನ್ನು ತೆಗೆದು ತಿರುಳನ್ನು ಮಾತ್ರ ಕೊಡಬೇಕು.
* ಕರಬೂಜ: ಬೀಜ, ಸಿಪ್ಪೆ ತೆಗೆದು ಕೊಡಬಹುದು.
* ಮಾವು: ಸಿಪ್ಪೆ ಸುಲಿದು, ವಾಟೆ ತೆಗೆದು ಸ್ವಲ್ಪವೇ ಕೊಡಬೇಕು. ನುಂಗಿದ ವಾಟೆಯು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು.
* ಬಾಳೆ: ಸಕ್ಕರೆಯಂಶ ಹೆಚ್ಚಿರುವುದರಿಂದ ಒಂದೆರಡು ಬಿಲ್ಲೆ ಸಾಕು.
* ಸೇಬು: ಬೀಜದಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಬೀಜ ಮತ್ತು ನಡುಗಟ್ಟಿಯನ್ನು ತೆಗೆಯಬೇಕು.

ಹಣ್ಣಿಗೆ ಉಪ್ಪು, ಖಾರದ ಪುಡಿ ಅಥವಾ ಸಕ್ಕರೆ ಬೆರೆಸಬಾರದು. ಹಣ್ಣು ಮತ್ತಿತರ ತಿನಿಸುಗಳೆಲ್ಲ ಸೇರಿ ನಾಯಿಯ ದಿನದ ಆಹಾರಶಕ್ತಿಯ ಶೇ. 10ನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಹೊಸ ಹಣ್ಣನ್ನು ಮೊದಲು ಸಣ್ಣ ತುಂಡಿನಷ್ಟೇ ಕೊಟ್ಟು, ವಾಂತಿ ಅಥವಾ ಭೇದಿ ಆಗುವುದೇ ಎಂದು ಗಮನಿಸಬೇಕು. ಮಧುಮೇಹವುಳ್ಳ ನಾಯಿಗೆ ವೈದ್ಯರನ್ನು ಕೇಳದೆ ಹಣ್ಣು ಕೊಡಬಾರದು.

ಅಪಾಯಕಾರಿ ಹಣ್ಣುಗಳು

ಹಸಿ ದ್ರಾಕ್ಷಿ ಮತ್ತು ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಗಳನ್ನು ಹಾಳುಮಾಡಬಲ್ಲವು. ನೆರೆಯ ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಹೇರಳವಾಗಿ ಬೆಳೆಯುತ್ತದೆ. ಒಣದ್ರಾಕ್ಷಿಯನ್ನು ಪಾಯಸ, ಸಜ್ಜಿಗೆ, ಉಂಡೆಗಳಿಗೂ ಬಳಸುವುದರಿಂದ ಹಬ್ಬದಡುಗೆಯ ಉಳಿಕೆಯನ್ನು ನಾಯಿಗೆ ಹಾಕುವಾಗ ಎಚ್ಚರ ಅಗತ್ಯ. ಎಷ್ಟು ತಿಂದರೆ ಅಪಾಯವಿಲ್ಲ ಎಂಬ ನಿಶ್ಚಿತ ಮಿತಿ ಇಲ್ಲ. ಇವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ವಿಷಕ್ಕೆ ಕಾರಣವೆಂದು ಇತ್ತೀಚಿನ ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಇದೇ ಆಮ್ಲವು ಹುಣಸೆಹಣ್ಣಿನಲ್ಲಿಯೂ ಹೇರಳವಾಗಿದ್ದು, ಅದನ್ನು ತಿಂದ ನಾಯಿಗಳ ಮೂತ್ರಪಿಂಡಗಳಿಗೆ ಹಾನಿಯಾದ ಪ್ರಕರಣಗಳು 2022ರಲ್ಲಿ ವರದಿಯಾಗಿವೆ. ಬೇಸಿಗೆಯಲ್ಲಿ ಅಂಗಳದಲ್ಲಿ ಒಣಹಾಕಿದ ಹುಣಸೆಹಣ್ಣು ನಾಯಿಗೆ ಎಟುಕದಂತೆ ನೋಡಿಕೊಳ್ಳಬೇಕು.

ಸಕ್ಕರೆರಹಿತ ತಿನಿಸುಗಳಲ್ಲಿ ಬಳಸುವ ಝೈಲಿಟಾಲ್ ಎಂಬ ಸಿಹಿಕಾರಕವೂ ನಾಯಿಗಳಿಗೆ ವಿಷಕಾರಿ.

ತುರ್ತು ಕ್ರಮ

ದ್ರಾಕ್ಷಿ ಅಥವಾ ಹುಣಸೆ ತಿಂದ ನಾಯಿಯಲ್ಲಿ ಮೊದಲು ವಾಂತಿ, ಮಂಕುತನ, ಆಹಾರದಲ್ಲಿ ನಿರಾಸಕ್ತಿ ಕಾಣಿಸುತ್ತವೆ. ಒಂದರಿಂದ ಮೂರು ದಿನಗಳಲ್ಲಿ ಮೂತ್ರ ಕಡಿಮೆಯಾಗಬಹುದು. ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಅಪಾಯಕರ.

ಬಿಸಿಲಿನ ಹೊಡೆತದಿಂದ ವಿಪರೀತ ಏದುಸಿರು, ತೂರಾಟ ಅಥವಾ ಕುಸಿತ ಕಂಡುಬಂದ ನಾಯಿಗೆ ಹಣ್ಣು ತಿನ್ನಿಸಬಾರದು. ಅದನ್ನು ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಚಿಕಿತ್ಸೆಗೆ ಒಯ್ಯಬೇಕು. ಸಂಚಾರಿ ಪಶುಚಿಕಿತ್ಸಾ ಸೇವೆಯ ಸಹಾಯವಾಣಿ ಸಂಖ್ಯೆ 1962.