ನಗರದ ರೈತಕೂಟಗಳು: ಸಭೆಯನ್ನು ಕರೆಯುವ ಅಧಿಕಾರದ ವಿಚಾರ

‘ಕೂಡು’ ಎಂಬ ಧಾತುವಿನಿಂದ ಹುಟ್ಟಿದ ‘ಕೂಟ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಯಾವ ದೋಷದ ವಾಸನೆಯೂ ಇಲ್ಲ. ಔತಣವೂ ಕೂಟವೇ, ತಾಳಮದ್ದಲೆಯೂ ಕೂಟವೇ. ಆದರೆ 1830 ಮತ್ತು 1831ನೆಯ ಇಸವಿಗಳ ಆಂಗ್ಲ ಅಧಿಕಾರಿಗಳ ಕಾಗದಪತ್ರಗಳಲ್ಲಿ ಈ ಶಬ್ದವು ದಂಗೆಯ ಪರ್ಯಾಯಪದವೆಂಬಂತೆ ಕಾಣಿಸಿಕೊಳ್ಳುತ್ತದೆ. ಮೈಸೂರು ಸಂಸ್ಥಾನದ ನಗರ ಫೌಜುದಾರಿಯಲ್ಲಿ ಆ ಕಾಲದಲ್ಲಿ ನಡೆದುದನ್ನು ಚರಿತ್ರೆಯ ಗ್ರಂಥಗಳು ‘ನಗರದ ದಂಗೆ’ ಎಂದೇ ಕರೆದಿವೆ. ದಂಗೆಯು ನಡೆಯಿತೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಮೊದಲು ಸಭೆಯು ನಡೆದಿತ್ತೆಂಬುದು ಮಾತ್ರ ಈ ಹೆಸರಿನಲ್ಲಿ ಮರೆಯಾಗಿ ಹೋಗಿದೆ.

ಜನರು ಒಟ್ಟುಗೂಡಿ ಅರಸನಲ್ಲಿ ದೂರು ಹೇಳಿಕೊಳ್ಳುವುದು ಈ ನಾಡಿಗೆ ಹೊಸದಾಗಿರಲಿಲ್ಲ. ಶ್ರವಣಬೆಳಗೊಳದ 1368ನೆಯ ಇಸವಿಯ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ತಮಗೆ ವೈಷ್ಣವರಿಂದಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ದೂರದ ನಾಡುಗಳ ಜನರು ಯಾವ ಅಧಿಕಾರಿಯ ಕರೆಗೂ ಕಾಯದೆ ಒಂದೇ ದೂರಿನಲ್ಲಿ ಒಂದಾದುದೂ, ಅರಸನು ಅದನ್ನು ಅಪರಾಧವೆಂದೆಣಿಸದೆ ವಿಚಾರಿಸಿದುದೂ ಇಲ್ಲಿ ಗಮನಾರ್ಹವಾದ ಅಂಶಗಳು.

ನಗರದ ರೈತರ ದೂರು ಕಂದಾಯಕ್ಕೆ ಸಂಬಂಧಿಸಿದ್ದು. ಮುಮ್ಮಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ‘ಶರತ್ತು’ ಎಂಬ ಪದ್ಧತಿಯು ರೂಢಿಗೆ ಬಂದಿತ್ತು. ಇಂತಿಷ್ಟು ಹಣವನ್ನು ಖಜಾನೆಗೆ ಒಪ್ಪಿಸುವೆನೆಂದು ಅಮಲ್ದಾರನು ಮುಂಚಿತವಾಗಿಯೇ ಒಪ್ಪಂದ ಬರೆದುಕೊಡಬೇಕಾಗಿತ್ತು. ವಸೂಲಿಯು ಕಡಮೆಯಾದರೆ ನಷ್ಟವು ಅವನ ತಲೆಯ ಮೇಲೆ. ಆದಕಾರಣ ಆ ಭಾರವು ಕೊನೆಗೆ ರೈತನ ಮೇಲೆಯೇ ಇಳಿಯುತ್ತಿದ್ದಿತು. ನಗರ ಪ್ರಾಂತದಲ್ಲಿ ಇದರೊಡನೆ ಮತ್ತೊಂದು ಕಾರಣವೂ ಸೇರಿತು. ಹಿಂದಿನ ಅಧಿಕಾರಿಗಳು ಬಿಟ್ಟುಕೊಟ್ಟಿದ್ದ ಬಾಕಿಗಳನ್ನು, ತರುವಾಯ ಫೌಜುದಾರನಾಗಿ ಬಂದ ವೀರರಾಜ ಅರಸನು ಲೆಕ್ಕಗಳನ್ನು ಶೋಧಿಸಿ ಮತ್ತೆ ಕೇಳತೊಡಗಿದನು. ತೀರಿತೆಂದು ರೈತನು ನಂಬಿದ್ದ ಸಾಲವು ಪುನಃ ಬಾಗಿಲಿಗೆ ಬಂದು ನಿಂತಿತು.

1830ರ ಆಗಸ್ಟ್ ತಿಂಗಳಲ್ಲಿ ಬಸವಾಪಟ್ಟಣದಲ್ಲಿ ಕೂಡಬೇಕೆಂದು ಜಾಹೀರುನಾಮೆಯೊಂದು ಗ್ರಾಮದಿಂದ ಗ್ರಾಮಕ್ಕೆ ಹರಡಿತು; ರೈತರು ಕೂಡಿದರು. ಒಬ್ಬೊಬ್ಬನಾಗಿ ಕಚೇರಿಯ ಮುಂದೆ ನಿಂತಾಗ ಬಾಕಿದಾರನೆನಿಸಿಕೊಳ್ಳುವವನು, ನೂರಾರು ಮಂದಿಯ ನಡುವೆ ನಿಂತಾಗ ನ್ಯಾಯವನ್ನು ಕೇಳುವವನಾಗುತ್ತಾನೆಂಬುದೇ ಕೂಟದ ಬಲವಾಗಿದ್ದಿತು. ಕಂದಾಯವನ್ನು ಕೊಡದೆ ಒಟ್ಟಾಗಿ ನಿಲ್ಲುವುದೇ ಅದರ ಮುಖ್ಯ ಆಯುಧ. ಆದರೂ ಈ ಕೂಟವು ಸಕಲ ಪ್ರಜೆಗಳ ಸಭೆಯಾಗಿತ್ತೆಂದು ಭಾವಿಸಲಾಗದು. ಅದರ ದೂರು ಕಂದಾಯ ತೆರುವ ಒಕ್ಕಲಿನ ದೂರು. ಭೂಮಿಯಿಲ್ಲದೆ ಅನ್ಯರ ಹೊಲದಲ್ಲಿ ದುಡಿಯುವವನ ಕಷ್ಟವು ಅದರ ವಿಷಯವಾಗಿರಲಿಲ್ಲ.

ಅಸಮಾಧಾನವಿದ್ದೆಡೆಯಲ್ಲಿ ಅದನ್ನು ಬಳಸಿಕೊಳ್ಳುವವರೂ ಹುಟ್ಟಿಕೊಂಡರು. ಕೆಳದಿಯ ಅರಸುಮನೆತನದವನೆಂದು ಹೇಳಿಕೊಂಡ ಬೂದಿ ಬಸವಪ್ಪನು ನಗರದ ಗದ್ದುಗೆಯನ್ನು ಬಯಸಿದನು. ತರೀಕೆರೆಯ ಪಾಳೆಯಗಾರ ವಂಶದ ರಂಗಪ್ಪನಾಯಕನು ಮೈಸೂರನ್ನು ಬಿಟ್ಟುಬಂದು ಕೋಟೆಗಳನ್ನು ಹಿಡಿದನು. ಲೆಕ್ಕದ ವಿಚಾರಣೆಯನ್ನು ಬೇಡಿದ ಕೂಟವು ಹೀಗೆ ಕತ್ತಿ ಹಿಡಿದವರ ದಂಗೆಯೊಡನೆ ಬೆರೆತುಹೋಯಿತು. 1831ರ ಜೂನ್ ತಿಂಗಳಲ್ಲಿ ಆಂಗ್ಲರ ಸೈನ್ಯವು ನಗರವನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನ ಆಜ್ಞೆಯಂತೆ ಸಂಸ್ಥಾನದ ಆಡಳಿತವೇ ಮಹಾರಾಜರ ಕೈತಪ್ಪಿ, ಐವತ್ತು ವರ್ಷಗಳ ಕಾಲ ಕಮಿಷನರುಗಳ ವಶದಲ್ಲಿದ್ದಿತು.

ಇದೇ ಸಮಯದಲ್ಲಿ ಘಟ್ಟದ ಕೆಳಗೆ, ಕಂಪೆನಿಯವರ ನೇರ ಆಳಿಕೆಗೆ ಸೇರಿದ್ದ ಕೆನರಾ ಜಿಲ್ಲೆಯಲ್ಲಿಯೂ ರೈತರು ಕೂಟಗಳನ್ನು ಕಟ್ಟಿ ಕಂದಾಯವನ್ನು ತಡೆದರು. ಅಲ್ಲಿ ಮಹಾರಾಜರೂ ಇರಲಿಲ್ಲ, ಶರತ್ತೂ ಇರಲಿಲ್ಲ. ಹೀಗಿರುವಲ್ಲಿ ಒಬ್ಬ ಅರಸರ ದುರಾಡಳಿತವೊಂದನ್ನೇ ಕೂಟಗಳಿಗೆ ಕಾರಣವೆನ್ನುವುದು ಸಾಲದು. ಕೆನರಾದ ವಿಷಯವನ್ನು ವಿಚಾರಿಸಿದ ಸ್ಟೋಕ್ಸನು 1833ರಲ್ಲಿ ಒಪ್ಪಿಸಿದ ವರದಿಯಲ್ಲಿ, ಸರಕಾರಿ ನೌಕರರೊಳಗಿನ ಪಕ್ಷಸ್ಪರ್ಧೆಯು ಕೂಟಗಳಿಗೆ ಪ್ರೇರಣೆಯಾಯಿತೆಂದು ಕಂಡನು. ಮೈಸೂರಿನ ವಿಚಾರಣೆಗೆಂದು ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು ನೇಮಕವಾಗಿ 1833ರ ಡಿಸೆಂಬರಿನಲ್ಲಿ ವರದಿಯನ್ನೊಪ್ಪಿಸಿತು. ಅದು ದುರಾಡಳಿತದಿಂದುಂಟಾದ ಅಸಮಾಧಾನವನ್ನು ಒಪ್ಪಿಕೊಂಡಿತು. ರೈತನ ಕಷ್ಟವು ನಿಜವೆಂದು ಒಪ್ಪುವುದು ಅಧಿಕಾರಿಗಳಿಗೆ ಸಾಧ್ಯವಾಯಿತು. ಆ ಕಷ್ಟವನ್ನು ಹೇಳಿಕೊಳ್ಳಲು ರೈತನು ತಾನಾಗಿಯೇ ಸಭೆ ಕರೆಯಬಲ್ಲನೆಂದು ಒಪ್ಪುವುದು ಮಾತ್ರ ಕಷ್ಟವಾಯಿತು. ಕೂಟವನ್ನು ಕಂಡಲ್ಲೆಲ್ಲ ಅದರ ಹಿಂದಿರುವ ಕೈ ಯಾವುದೆಂದು ಅವರು ಹುಡುಕಿದರು.

1881ರ ಮಾರ್ಚಿಯಲ್ಲಿ ಸಂಸ್ಥಾನವು ಚಾಮರಾಜೇಂದ್ರ ಒಡೆಯರವರಿಗೆ ಹಿಂದಿರುಗಿತು. ಅದೇ ವರ್ಷದ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರ ಯತ್ನದಿಂದ, 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯು ಮೈಸೂರಿನಲ್ಲಿ ಮೊದಲ ಸಾರಿ ಸೇರಿತು. ಭೂಮಾಲೀಕರೂ ವರ್ತಕರೂ ದಸರೆಯ ಸಮಯದಲ್ಲಿ ಬಂದು ದಿವಾನರ ವರದಿಯನ್ನು ಕೇಳಿ ತಮ್ಮ ಊರುಗಳ ಅಹವಾಲನ್ನು ಹೇಳಿಕೊಂಡರು. ಭಾರತದ ಸಂಸ್ಥಾನಗಳಿಗೆಲ್ಲ ಮಾದರಿಯಾದ ಈ ಸಂಸ್ಥೆಯ ಹಿರಿಮೆಯನ್ನು ಕಡಮೆಮಾಡಬೇಕಾಗಿಲ್ಲ. 1891ರಿಂದ ಅದಕ್ಕೆ ಚುನಾವಣೆಯು ಬಂದಿತು; 1923ರ ಶಾಸನದಿಂದ ಕಾನೂನಿನ ಆಧಾರವೂ ದೊರೆಯಿತು. ಆದರೆ ಬಸವಾಪಟ್ಟಣದ ಕೂಟಕ್ಕೂ ಇದಕ್ಕೂ ಇರುವ ಮುಖ್ಯ ಭೇದವನ್ನು ಮರೆಯಲಾಗದು. ಕೂಟದ ದಿನವನ್ನೂ ವಿಷಯವನ್ನೂ ಕೂಡಿದವರ ಕಡೆಯವರೇ ಗೊತ್ತುಮಾಡಿದ್ದರು. ಮೈಸೂರಿನ ಸಭೆಯ ದಿನವನ್ನು ಸರಕಾರವು ಗೊತ್ತುಮಾಡುತ್ತಿದ್ದಿತು. ಸರಕಾರವು ಕರೆದಾಗ ಪ್ರಜೆಗಳು ಬರುತ್ತಿದ್ದರು. ದೂರಿಗೆ ಕಿವಿಯು ದೊರೆಯಿತು. ಕರೆಯುವ ಅಧಿಕಾರವು ಪ್ರಜೆಯ ಕೈಗೆ ಬರಲಿಲ್ಲ.

ಈ ಕೊರತೆಯು 1938ರಲ್ಲಿ ಸ್ಪಷ್ಟವಾಗಿ ಗೋಚರಿಸಿತು. ಪ್ರಜಾಪ್ರತಿನಿಧಿ ಸಭೆಗೆ ಐವತ್ತೇಳು ವರ್ಷ ತುಂಬುತ್ತಿದ್ದ ಆ ಕಾಲದಲ್ಲಿಯೇ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯನ್ನು ಮೀರಿ ಕೂಡಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣಬಿಟ್ಟರು. ಮರುತಿಂಗಳೇ ಸರಕಾರವು ಮೈಸೂರು ಕಾಂಗ್ರೆಸ್ಸಿನೊಡನೆ ಒಪ್ಪಂದಕ್ಕೆ ಬರಬೇಕಾಯಿತು. ಶಾಂತರೀತಿಯಿಂದ, ನಿರಾಯುಧರಾಗಿ ಕೂಡುವುದು ಪ್ರಜೆಯ ಹಕ್ಕೆಂಬ ಮಾತು 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 19ನೆಯ ಅನುಚ್ಛೇದದಲ್ಲಿ ಲಿಖಿತವಾಯಿತು. ಜಾಹೀರುನಾಮೆಯನ್ನು ಕಂಡು ಬಸವಾಪಟ್ಟಣಕ್ಕೆ ನಡೆದ ರೈತರಿಗೆ ಇಂಥ ಲಿಖಿತದ ಆಸರೆಯು ಯಾವುದೂ ಇರಲಿಲ್ಲ. ಅವರ ಕೂಟವನ್ನು ದಂಗೆಯ ಮೊದಲ ಅಧ್ಯಾಯವೆಂದಷ್ಟೇ ಓದದೆ, ಈ ಹಕ್ಕಿನ ಚರಿತ್ರೆಯಲ್ಲಿಯೂ ಅದಕ್ಕೆ ಸಲ್ಲತಕ್ಕ ಸ್ಥಾನವನ್ನು ಕೊಡುವುದು ಯುಕ್ತವಾಗಿದೆ.