ಆತಕೂರಿನ ನಾಯಿ, ಹೆಬ್ಬಾಳದ ಕಿತ್ತಯ್ಯ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಕಲ್ಲುಗಳಲ್ಲಿ ಒಂದು ನಾಯಿಯ ಕಲ್ಲಿದೆ. ನಾಯಿಯ ಹೆಸರು ಕಾಳಿ. ಕಲ್ಲು ಬಂದದ್ದು ಮಂಡ್ಯ ಸೀಮೆಯ ಆತಕೂರಿನಿಂದ, ಕಾಲ ಕ್ರಿ.ಶ. 949-50. ಆಗಷ್ಟೇ ತಕ್ಕೋಲದಲ್ಲಿ ದೊಡ್ಡ ಯುದ್ಧವೊಂದು ಮುಗಿದಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗ, ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದಿದ್ದ. ಬೂತುಗನ ಕಡೆಯ ಮಣಲೆರನೆಂಬ ವೀರನ ಕಾದಾಟ ಕಂಡು ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿಯನ್ನು.

ಮುಂದೆ ಬೆಳ್ತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಆ ನಾಯಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಆ ಮಣ್ಣನ್ನು ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದೂ ಕೊರೆಸಿದರು. ದಕ್ಷಿಣ ಭಾರತದ ರಾಜಕೀಯವನ್ನೇ ಅಲುಗಿಸಿದ ತಕ್ಕೋಲದ ಕಾಳಗಕ್ಕೆ ಇತಿಹಾಸಕಾರರು ಇವತ್ತಿಗೂ ಆಧಾರ ಕೊಡುವುದು ಈ ಕಲ್ಲಿನಿಂದ. ಕಲ್ಲಿನ ಮೇಲೆ ಚಿತ್ರವಾಗಿ ಕೂತಿರುವುದು ಮಾತ್ರ ರಾಜರಲ್ಲ, ನಾಯಿ ಮತ್ತು ಹಂದಿ. ನನಗೆ ಈ ಕಲ್ಲಿನ ಮೇಲೆ ವಿಶೇಷ ಪ್ರೀತಿ ಇರುವುದು ಅದಕ್ಕೇ.

ಹೊರನಾಡಿನಲ್ಲಿ ಬೆಳೆದ ಮಕ್ಕಳನ್ನು ಕರೆದುಕೊಂಡು ಊರಿಗೆ ಬರುವವರು ಹಂಪಿ, ಬೇಲೂರು, ಹಳೇಬೀಡು, ಬಾದಾಮಿ, ಮೈಸೂರು ಅರಮನೆ ತೋರಿಸುತ್ತಾರೆ. ತೋರಿಸಬೇಕಾದದ್ದೇ. ಆದರೆ ಅವೆಲ್ಲ ರಾಜರು ಕಟ್ಟಿಸಿದವು, ದಂಡನಾಯಕರು ಕಟ್ಟಿಸಿದವು. ದನ ಕಾಯಲು ಹೋಗಿ ಸತ್ತವನ ಹೆಸರು ಬೇಕೆಂದರೆ ಅಜ್ಜಿಯ ಊರಿನ ಕೆರೆ ಏರಿಯ ಮೇಲೆ, ಹುಣಸೆ ಮರದ ಬುಡದಲ್ಲಿ, ಆಂಜನೇಯನ ಗುಡಿಯ ಹಿಂದೆ ಹುಡುಕಬೇಕು. ಅಲ್ಲಿ ಎದೆಮಟ್ಟ ಹೂತುಹೋದ ಒಂದು ಚಪ್ಪಡಿ ಇದ್ದೇ ಇರುತ್ತದೆ ಎನ್ನಲಾರೆ. ಆದರೆ ಹಳೆಯ ಊರಾದರೆ ಇರುವ ಸಂಭವವೇ ಹೆಚ್ಚು. ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ, ಸಾಗರದ ಕಡೆಯಂತೂ ಒಂದೊಂದು ಗುಡಿಯ ಅಂಗಳದಲ್ಲಿ ಸಾಲಾಗಿಯೇ ನಿಂತಿವೆ. ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ಇದೇ ಕಲ್ಲು ಈರಗಾರರ, ಅಂದರೆ ವೀರರ, ಗುಡಿಯ ದೇವರಾಗಿ ಕುಂಕುಮ, ಎಣ್ಣೆ ಮೆತ್ತಿಕೊಂಡಿರುತ್ತದೆ. ಎಣ್ಣೆಯ ಕೆಳಗೆ ಅಕ್ಷರ ಇದೆಯೆಂಬುದು ಪೂಜಾರಿಗೂ ಗೊತ್ತಿರುವುದಿಲ್ಲ.

ಕಾದಿ ಸತ್ತವರ ನೆನಪಿಗೆ ನಿಲ್ಲಿಸಿದ ಇಂಥ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ಅಡಿಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕುದುರೆ, ಪಕ್ಕದಲ್ಲಿ ದನಗಳ ಹಿಂಡು. ನಡುವೆ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಜೈನನಾದರೆ ಜಿನನ ಮುಂದೆ. ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರರು, ಅವರಿರುವತನಕ ಈ ಹೆಸರಿರಲಿ ಎಂದು. ಬರಹವಿದ್ದರೆ ಅಂಕಣಗಳ ನಡುವಣ ಪಟ್ಟಿಯಲ್ಲಿರುತ್ತದೆ. ಬರಹವೇ ಇಲ್ಲದವೂ ಬೇಕಾದಷ್ಟಿವೆ.

ಸತ್ತದ್ದು ಯಾಕೆ? ಕಾರಣಗಳಲ್ಲಿ ಮತ್ತೆ ಮತ್ತೆ ಕಾಣುವುದು ತುರುಗೊಳ್, ಅಂದರೆ ದನಗಳನ್ನು ಅಟ್ಟಿಕೊಂಡು ಹೋಗುವುದು. ಊರಿನ ಸಂಪತ್ತೆಲ್ಲ ಕಾಲ ಮೇಲೆ ನಡೆಯುತ್ತಿದ್ದ ಕಾಲ ಅದು. ಪಕ್ಕದ ನಾಡಿನವರು ನುಗ್ಗಿ ಹಿಂಡು ಹೊಡೆದುಕೊಂಡು ಹೋದರೆ ಊರು ಕೆಟ್ಟಿತೆಂದೇ ಲೆಕ್ಕ. ಹೆಣ್ಣುಮಕ್ಕಳ ಮೇಲೆ ಕೈಮಾಡಿದವರನ್ನು ತಡೆದು ಸತ್ತವರಿದ್ದಾರೆ, ಊರಳಿವಿನಲ್ಲಿ ಸತ್ತವರಿದ್ದಾರೆ, ಹುಲಿಯ ಬಾಯಿಗೆ ಸಿಕ್ಕವರಿದ್ದಾರೆ. ಇಲ್ಲಿ ಒಂದು ಮಾತು ಹೇಳಿಬಿಡಬೇಕು: ದನ ಕಾಯಲು ಸತ್ತವನಿಗೂ ಕಲ್ಲು ಇದೆ, ದನ ಕದಿಯಲು ಹೋಗಿ ಸತ್ತವನಿಗೂ ಅವನ ಊರಿನಲ್ಲಿ ಕಲ್ಲು ಇದೆ. ಎರಡರಲ್ಲೂ ಹೊಗಳಿಕೆ ಒಂದೇ ಬಗೆಯದು. ಗತವೈಭವ ಬರೆಯುವಾಗ ಈ ಸಂಗತಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಕಲ್ಲು ನಿಲ್ಲಿಸಿ ಕೈತೊಳೆದುಕೊಂಡರು ಎಂದೂ ಅಲ್ಲ. ಸತ್ತವನ ಮನೆಯವರಿಗೆ ಭೂಮಿ ಸಿಗುತ್ತಿತ್ತು. ಬಾಳ್ಗಳ್ಚು, ನೆತ್ತರುಗೊಡಗೆ ಎಂದು ಅದನ್ನು ಕರೆಯುತ್ತಿದ್ದರು. ಎಷ್ಟು ಮಣ್ಣು, ಯಾವ ಕೆರೆಯ ಕೆಳಗೆ ಎಂಬ ವಿವರ ಹಲವು ಕಲ್ಲುಗಳಲ್ಲಿದೆ. ದುಡಿಯುವ ಕೈ ಹೋದ ಮನೆಗೆ ಅದೇ ಪಿಂಚಣಿ. ದಾನವನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಬರಲಿ ಎಂದು ಕೊನೆಯಲ್ಲಿ ಶಾಪ ಹಾಕುವುದೂ ಹಕ್ಕುಪತ್ರದ ಭಾಗವೇ ಆಗಿತ್ತು.

ಪಕ್ಕದಲ್ಲಿಯೇ ಇನ್ನೊಂದು ಕಲ್ಲು ಇರಬಹುದು: ಕಂಬದಂಥ ಆಕೃತಿಯಿಂದ ಹೊರಟು ಮೊಣಕೈಯಲ್ಲಿ ಮಡಿದು ಮೇಲೆತ್ತಿದ ಬಳೆತೊಟ್ಟ ಕೈ, ಬೆರಳುಗಳ ನಡುವೆ ನಿಂಬೆಹಣ್ಣು. ಅದು ಮಾಸ್ತಿಕಲ್ಲು, ಗಂಡನ ಚಿತೆಗೆ ಹೋದ ಹೆಣ್ಣಿನದು. ಹೆಗ್ಗಡದೇವನಕೋಟೆಯ ಬಳಿಯ ಬೆಳತೂರಿನಲ್ಲಿ 1057ರ ಶಾಸನವೊಂದು ದೇಕಬ್ಬೆಯ ಕಥೆ ಹೇಳುತ್ತದೆ. ಅರಸನ ಆಜ್ಞೆಯಿಂದ ಗಂಡ ಸತ್ತ ಸುದ್ದಿ ಬಂದಾಗ, ಹೆತ್ತವರು ಬೇಡವೆಂದು ಅಂಗಲಾಚಿದರೂ ಕೇಳದೆ ಅವಳು ಬೆಂಕಿಗೆ ಬಿದ್ದಳು. ಶಾಸನಕವಿಯ ಬರವಣಿಗೆ ಚೆನ್ನಾಗಿದೆ, ಅದೇ ನನಗೆ ಕಸಿವಿಸಿ. ತಡೆಯಲು ಬಂದ ತಾಯಿತಂದೆಯರನ್ನು ಅವನು ಬಿಟ್ಟುಬಿಡಲಿಲ್ಲ ಎಂಬುದೊಂದೇ ಸಮಾಧಾನ. ಮಾಸ್ತಮ್ಮನಿಗೆ ಅರಿಶಿನ ಕುಂಕುಮ ಹಚ್ಚುವ ಮನೆಗಳು ಇಂದಿಗೂ ಇವೆ. ಮಕ್ಕಳು ಇದೇನು ಎಂದು ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳುವುದೇ ಲೇಸು.

ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಹೋಗುವವರು ಶಿಲ್ಪ ನೋಡುವ ಗಡಿಬಿಡಿಯಲ್ಲಿ ಗರುಡಕಂಬವನ್ನು ದಾಟಿ ನಡೆದುಬಿಡುತ್ತಾರೆ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ 1220ರ ಹೊತ್ತಿಗೆ ತೀರಿಕೊಂಡಾಗ ಅವನ ಜೊತೆಗೇ ಪ್ರಾಣಬಿಟ್ಟ ದಂಡನಾಯಕ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ ಸುಗ್ಗಲಾದೇವಿ ಇವರನ್ನು ನೆನೆಯುವ ಕಂಬ ಅದು. ಒಡೆಯನಿಗೆ ಕೊಟ್ಟ ಮಾತು ತಪ್ಪದೆ ಜೀವ ಕೊಡುವವರನ್ನು ಗರುಡರೆಂದೇ ಕರೆಯುತ್ತಿದ್ದರು. ಸ್ವಂತ ತಲೆ ಕತ್ತರಿಸಿಕೊಳ್ಳುತ್ತಿರುವ ಆಳುಗಳ ಬಿಂಬಗಳೂ ಅದರ ಮೇಲಿವೆ.

ಬೆಂಗಳೂರಿನವರಿಗೆ ಊರು ಬಿಟ್ಟು ಹೋಗುವ ಅಗತ್ಯವೂ ಇಲ್ಲ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು 890ರ ಶಾಸನವೊಂದು ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನನ್ನು ನೆನೆಯುತ್ತದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರುನೂರು ವರ್ಷಕ್ಕೂ ಹಿಂದೆ ಆ ಹೆಸರಿನ ಊರೊಂದು ಇತ್ತು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು: ಗಂಗ ದೊರೆ ಶ್ರೀಪುರುಷನ ಕಾಲ, ಸುಮಾರು 750, ರಟ್ಟರ (ರಾಷ್ಟ್ರಕೂಟರ) ದಾಳಿಯಲ್ಲಿ ಕಾದಿ ಸತ್ತ ಕಿತ್ತಯ್ಯನದು. ಮೇಲ್ಸೇತುವೆಯ ವಾಹನಗಳ ಗದ್ದಲದ ಆಸುಪಾಸಿನಲ್ಲಿಯೇ ಆಸಕ್ತ ನಾಗರಿಕರು ಸ್ಥಳೀಯರ ಜೊತೆ ಸೇರಿ ಅದಕ್ಕೊಂದು ಕಲ್ಲಿನ ಮಂಟಪ ಕಟ್ಟಿಸಿದರು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಈಗ ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದು ಕಣ್ಣಿಗೆ ಕಾಣದ ಅಕ್ಷರವೂ ಆ ಚಿತ್ರದಲ್ಲಿ ಮೇಲೇಳುತ್ತದೆ. ರಸ್ತೆ ಅಗಲೀಕರಣದಲ್ಲಿ, ಪಾಯ ತೋಡುವಲ್ಲಿ, ನಿಧಿ ಹುಡುಕುವವರ ಹಾರೆಗೆ ಸಿಕ್ಕು ಹೋಗುವ ಕಲ್ಲುಗಳ ಮುಂದೆ ಇದು ಸಣ್ಣ ಕೆಲಸವೇನಲ್ಲ.

ನಿಮ್ಮ ಊರಿನ ಕಲ್ಲು ಕಂಡರೆ ಸೀಮೆಸುಣ್ಣ ಬಳಿಯಬೇಡಿ, ಬಣ್ಣ ಹಚ್ಚಬೇಡಿ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಓರೆ ಬಿಸಿಲು ಬಿದ್ದಾಗ ಅಕ್ಷರ ತಾನೇ ಎದ್ದು ಕಾಣುತ್ತದೆ. ಕತ್ತಲಲ್ಲಾದರೆ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ಅದನ್ನು ಈಗಾಗಲೇ ಯಾರೋ ಓದಿರುವುದೂ ಸಾಧ್ಯ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್, ಪಂಡಿತರನ್ನು ಕಟ್ಟಿಕೊಂಡು ಹಳೆಯ ಮೈಸೂರು ಮತ್ತು ಕೊಡಗಿನ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ತಾಲ್ಲೂಕುವಾರು ಪಟ್ಟಿ ಇರುವುದರಿಂದ ಊರಿನ ಹೆಸರು ಹಿಡಿದು ಹುಡುಕಬಹುದು, ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹಾಸನದವರು ಐದನೆಯದು ತೆರೆಯಿರಿ, ಚಿಕ್ಕಮಗಳೂರಿನವರು ಆರನೆಯದು, ಶಿವಮೊಗ್ಗದವರು ಏಳು ಮತ್ತು ಎಂಟು, ಬೆಂಗಳೂರಿನವರು ಒಂಬತ್ತು, ಕೋಲಾರದವರು ಹತ್ತು, ಚಿತ್ರದುರ್ಗದವರು ಹನ್ನೊಂದು, ತುಮಕೂರಿನವರು ಹನ್ನೆರಡು. ಮಂಡ್ಯ ಆಗ ಜಿಲ್ಲೆಯಾಗಿರಲಿಲ್ಲ. ಅಲ್ಲಿಯವರು ಮೈಸೂರಿನ ಮೂರು, ನಾಲ್ಕನೆಯ ಸಂಪುಟಗಳಲ್ಲಿ ನೋಡಬೇಕು. ಧಾರವಾಡ, ವಿಜಯಪುರ ಕಡೆಯವರಿಗೆ ರೈಸ್ ಸಿಗುವುದಿಲ್ಲ, ಅವರ ಸೀಮೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಬಾಂಬೆ ಕರ್ನಾಟಕ ಸಂಪುಟಗಳಿಂದ ಶುರುಮಾಡಬಹುದು.